ರಾಜ್‌ಕುಮಾರ್ ರಸ್ತೆಯ ಗ್ರೀಕ್ ಬೇಡ

ಬೆಂಗಳೂರಿನ ಪಶ್ಚಿಮ ಭಾಗಕ್ಕೆ ದೇವರುಗಳ ಕೊರತೆ ಯಾವತ್ತೂ ಇರಲಿಲ್ಲ. ಗಲ್ಲಿಗೊಬ್ಬ ಗಣೇಶ, ಸರ್ಕಲ್ಲಿಗೊಬ್ಬ ಆಂಜನೇಯ, ಕಾರ್ಡ್ ರೋಡಿನ ಗುಡ್ಡದ ಮೇಲೆ ಇಸ್ಕಾನಿನ ಕೃಷ್ಣ. ಇಷ್ಟು ಸಾಲದು ಅಂತ ಗ್ರೀಸಿನವರೂ ಬಂದು ಮನೆ ಮಾಡಿದ್ದಾರೆ. ವಿಜಯನಗರದಲ್ಲಿ ತಲೆನೋವಿನ ಮಾತ್ರೆಗೆ ಹೊರಟರೆ ಎದುರಾಗುವವನು ಅಪೊಲೊ. ಅಳಿಯನಿಗೆ ಗಡಿಯಾರ ಕೊಡಿಸಬೇಕೆಂದರೆ ಟೈಟನ್. ಆದರೆ ಎಲ್ಲರಿಗಿಂತ ದೊಡ್ಡ ಸೈಟು ಹಿಡಿದವನು ಓರಿಯನ್. 2012ರಿಂದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಮಾಲ್ ಆಗಿ ಕೂತಿದ್ದಾನೆ.

ಬಸವೇಶ್ವರನಗರದ ನಮ್ಮ ಪಕ್ಕದ ಮನೆಯ ಅಜ್ಜಿ ಮೊಮ್ಮಗಳ ಜೊತೆ ಅಲ್ಲಿಗೆ ಹೋಗಿಬಂದವರು, "ಅದ್ಯಾರಪ್ಪ ಆ ಓರಿಯನ್ನು? ಕಾರ್ಪೊರೇಟರ್ರಾ?" ಎಂದು ಕೇಳಿದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ರಾಜಾಜಿನಗರಕ್ಕೆ ರಾಜಾಜಿ, ಬಸವೇಶ್ವರನಗರಕ್ಕೆ ಬಸವಣ್ಣ ಎಂದು ನಮ್ಮ ಬಡಾವಣೆಗಳಿಗೆ ಒಬ್ಬೊಬ್ಬ ಯಜಮಾನರಿದ್ದಾರೆ. ಬಸ್ ಶೆಲ್ಟರಿನ ಮೇಲೂ ಊರಿನ ಹೆಸರಿಗಿಂತ ಅದನ್ನು ಕಟ್ಟಿಸಿದವರ ಹೆಸರೇ ದಪ್ಪಕ್ಷರದಲ್ಲಿರುತ್ತದೆ. "ಇಲ್ಲ ಅಜ್ಜಿ, ಅವನು ಗ್ರೀಕರ ಕಥೆಯಲ್ಲಿ ಬರೋ ಬೇಡ" ಎಂದೆ.

"ಬೇಡನಾ? ಅದಕ್ಕೇ ಅಲ್ಲಿ ಕಾಲಿಟ್ಟಲ್ಲೆಲ್ಲ ಬಿಲ್ಲು ಹಿಡ್ಕೊಂಡೇ ನಿಂತಿರ್ತಾರೆ!"

ಅವನು ಬರುವ ಮೊದಲು ಅದು ಕಿರ್ಲೋಸ್ಕರ್ ಕಾರ್ಖಾನೆಯ ನೆಲ. ಆಚೀಚೆಯಲ್ಲೇ ಮೈಸೂರು ಸ್ಯಾಂಡಲ್ ಸೋಪು, ಮೈಸೂರ್ ಲ್ಯಾಂಪ್ಸ್. ಆ ಕಾಲದಲ್ಲಿ ಹೊಸದೇನು ಹುಟ್ಟಿದರೂ ಅದಕ್ಕೆ ಮೈಸೂರೆಂದು ಹೆಸರಿಟ್ಟುಬಿಟ್ಟರೆ ಮುಗಿಯಿತು; ಗ್ರೀಸಿನವರೆಗೆ ಹೋಗುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೋಟರು, ಬಲ್ಬು ಮಾಡುತ್ತಿದ್ದ ಸೀಮೆಯಲ್ಲಿ ಈಗ ಸಿನಿಮಾ, ಪಾಪ್‌ಕಾರ್ನ್. ಮೆಟ್ರೊದಲ್ಲಿ ಹೋಗುವವರು ಮಾತ್ರ ಇವತ್ತಿಗೂ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಸ್ಟೇಷನ್ನಿನಲ್ಲೇ ಇಳಿಯಬೇಕು. ನನಗೇನೋ ಇದು ಸರಿಯಾಗಿದೆ ಅನಿಸುತ್ತದೆ. ಎಂಥ ಬೇಟೆಗಾರನಾದರೂ ಸೋಪಿನ ಬಾಗಿಲು ಹಾದೇ ಒಳಗೆ ಬರಲಿ.

ಓರಿಯನ್ನನ ಅಸಲಿ ವಿಳಾಸ ಆಕಾಶದಲ್ಲಿದೆ. ಡಿಸೆಂಬರಿನಲ್ಲಿ ಊಟ ಮುಗಿಸಿ ತಾರಸಿ ಹತ್ತಿ ಪೂರ್ವಕ್ಕೆ ನೋಡಿದರೆ ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ, ಅದೇ ಅವನ ಸೊಂಟಪಟ್ಟಿ. ಅದು ಹುಟ್ಟುವುದು ಹೆಚ್ಚುಕಡಿಮೆ ನೇರ ಪೂರ್ವದಲ್ಲಿ, ಮುಳುಗುವುದು ನೇರ ಪಶ್ಚಿಮದಲ್ಲಿ, ಅಂದರೆ ನಮಗೆ ಮಾಗಡಿ ರಸ್ತೆಯ ಕಡೆಗೆ. ನಮ್ಮ ಅಕ್ಷಾಂಶದಲ್ಲಿ ಹುಟ್ಟುವಾಗ ಅವನು ಎದ್ದು ನಿಂತಿರುವುದಿಲ್ಲ. ಹಗ್ಗದ ಮಂಚದ ಮೇಲೆ ಮಗ್ಗುಲಾದ ಯಜಮಾನರ ಹಾಗೆ ಅಡ್ಡಡ್ಡ ಮಲಗಿಕೊಂಡೇ ಮೇಲೆ ಬರುತ್ತಾನೆ.

ತಮಾಷೆಯೆಂದರೆ, ಅದೇ ಚುಕ್ಕಿಗಳನ್ನು ನೋಡಿ ನಮ್ಮವರು ಬೇಡ ಎನ್ನಲಿಲ್ಲ, ಬೇಟೆ ಎಂದರು. ಜಿಂಕೆಯಾಗಿ ಮಗಳ ಬೆನ್ನು ಹತ್ತಿದ ಪ್ರಜಾಪತಿಗೆ ದೇವತೆಗಳು ಹುಟ್ಟಿಸಿದ ಬೇಟೆಗಾರನೊಬ್ಬ ಬಾಣ ಬಿಟ್ಟ ಕಥೆ ಐತರೇಯ ಬ್ರಾಹ್ಮಣದಲ್ಲಿದೆ. ಗ್ರೀಕರು ಸೊಂಟಪಟ್ಟಿ ಎಂದದ್ದು ನಮ್ಮಲ್ಲಿ ಆ ಬಾಣ. ಬಿಟ್ಟವನು ಪಕ್ಕದಲ್ಲಿ ಉರಿಯುವ ಲುಬ್ಧಕ. ಜಿಂಕೆಯ ತಲೆ ಮೃಗಶಿರ. ಓರಿಯನ್ನನ ಹೆಗಲಲ್ಲಿ ಕೆಂಪಗಿರುವುದು ಆರ್ದ್ರಾ. ಜೂನಿನಲ್ಲಿ ಈ ಎರಡರ ಹೆಸರಿನ ಮಳೆಗಳು ಒಂದರ ಹಿಂದೊಂದು ಬರುತ್ತವೆ. ಆಗ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ಮೋಡ ಸರಿದರೂ ನಕ್ಷತ್ರಗಳು ಕಾಣುವುದಿಲ್ಲ. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂದು ರೈತರು ಆಕಾಶ ನೋಡುತ್ತಿರುವ ಹೊತ್ತಿನಲ್ಲಿ, ಅದೇ ಮಳೆಗೆ ಸಿಕ್ಕಿದ ರಾಜಾಜಿನಗರದ ಸ್ಕೂಟರಿನವರು ಓರಿಯನ್ನಿನೊಳಗೆ ನುಗ್ಗಿ ತಲೆ ಒರೆಸಿಕೊಳ್ಳುತ್ತಾರೆ.

ಈ ಹೆಸರಿಗೆ ಇನ್ನೆಲ್ಲಿ ಬೇಡಿಕೆ ಇಲ್ಲ ಹೇಳಿ. ಬಾಲಗಂಗಾಧರ ತಿಲಕರು ವೇದಗಳ ಕಾಲವನ್ನು ಇದೇ ನಕ್ಷತ್ರಗಳಿಂದ ಲೆಕ್ಕ ಹಾಕಿ 1893ರಲ್ಲಿ ಹೊರತಂದ ಪುಸ್ತಕ 'ಓರಿಯನ್'. ಕೊರಿಯಾದಲ್ಲಿ ಅದು ಚಾಕೊ ಪೈ ಮಾಡುವ ಕಂಪನಿ. ಅಮೆರಿಕದವರಿಗೆ ಚಂದ್ರನ ಸುತ್ತ ಹೋಗಿಬರುವ ನೌಕೆ. ಇಲ್ಲೊಂದು ಎಡವಟ್ಟಾಗಿದೆ. 2022ರ ನವೆಂಬರಿನಲ್ಲಿ ಆ ನೌಕೆ ಹೊರಟ ಯೋಜನೆಗೆ ಆರ್ಟೆಮಿಸ್ ಎಂದು ಹೆಸರು. ಸಮುದ್ರದಲ್ಲಿ ದೂರಕ್ಕೆ ಕಾಣುತ್ತಿದ್ದ ಕಪ್ಪು ಚುಕ್ಕೆಯೊಂದನ್ನು ತೋರಿಸಿ, ಅದಕ್ಕೆ ಗುರಿಯಿಟ್ಟು ಹೊಡೆ ನೋಡೋಣ ಎಂದು ಅಪೊಲೊ ತನ್ನ ಅವಳಿ ಅಕ್ಕ ಆರ್ಟೆಮಿಸಳನ್ನು ಕೆಣಕಿದನಂತೆ. ಅವಳು ಹೊಡೆದಳು. ಆ ಚುಕ್ಕೆ, ಈಜುತ್ತಿದ್ದ ಓರಿಯನ್ನನ ತಲೆ. ತಮ್ಮನ ಹೆಸರಿನಲ್ಲಿ ಮೊದಲು ಚಂದ್ರನ ಮೇಲೆ ಇಳಿದು, ಈಗ ಅಕ್ಕನ ಹೆಸರಿನಲ್ಲಿ ಸತ್ತವನನ್ನೇ ಹತ್ತಿಕೊಂಡು ಹೊರಟಿದ್ದಾರೆ! ಜಾತಕ ನೋಡುವವರು ಯಾರೂ ಅಲ್ಲಿರಲಿಲ್ಲವೇನೋ.

ನನ್ನ ಮನಸ್ಸು ಹಿಡಿದಿರುವುದು ಓರಿಯನ್ನನ ಸಾವಲ್ಲ, ಕಣ್ಣು. ಖಿಯೋಸ್ ದ್ವೀಪದಲ್ಲಿ ಕುಡಿದು ರಾಜಕುಮಾರಿಯೊಡನೆ ಕೆಟ್ಟದಾಗಿ ನಡೆದುಕೊಂಡದ್ದಕ್ಕೆ ರಾಜ ಅವನ ಕಣ್ಣು ಕೀಳಿಸಿದ. ಕುರುಡ ಓರಿಯನ್ ಕಮ್ಮಾರ ದೇವರ ಕುಲುಮೆಯಿಂದ ಒಬ್ಬ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು, ಅವನು ಹೇಳಿದತ್ತ ಹೆಜ್ಜೆ ಹಾಕುತ್ತ, ಮೂಡಲ ದಿಕ್ಕಿನ ತುದಿಯವರೆಗೆ ನಡೆದ. ಅಲ್ಲಿ ಸೂರ್ಯ ಕಣ್ಣು ಮರಳಿಸಿದ.

ಈ ಬೇಡನಿಗೆ ನಮ್ಮಲ್ಲಿ ಸಿಕ್ಕಿದ್ದು ಯಾರ ರಸ್ತೆ ನೋಡಿ. ಮುತ್ತುರಾಜ್ ಎಂಬ ನಾಟಕದ ನಟ ರಾಜ್‌ಕುಮಾರ್ ಆದದ್ದು 1954ರ 'ಬೇಡರ ಕಣ್ಣಪ್ಪ'ದಲ್ಲಿ. ಶಿವಲಿಂಗದ ಕಣ್ಣಲ್ಲಿ ರಕ್ತ ಬಂದಾಗ ತನ್ನದನ್ನು ಕಿತ್ತಿಟ್ಟವನು ಕಣ್ಣಪ್ಪ. ಎರಡನೆಯದನ್ನೂ ಕೀಳಹೊರಟು, ಆಮೇಲೆ ಜಾಗ ತಿಳಿಯಲಿ ಎಂದು ಲಿಂಗದ ಕಣ್ಣಿನ ಮೇಲೆ ಕಾಲಿಟ್ಟುಕೊಂಡವನು. ಶಿವ ತಡೆದು ಕಣ್ಣು ಕೊಟ್ಟ. ಮಾಲ್ ಕಟ್ಟಿದವರು ಇದನ್ನೆಲ್ಲ ಯೋಚಿಸಿ ಹೆಸರಿಟ್ಟಿರುತ್ತಾರೆಂದು ನಾನಂತೂ ನಂಬುವುದಿಲ್ಲ.

ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಅವರ ಹೆಸರಿನ ನೇತ್ರ ಬ್ಯಾಂಕು ಇರುವುದು ಅಲ್ಲೇ ಕಾರ್ಡ್ ರೋಡಿನ ನಾರಾಯಣ ನೇತ್ರಾಲಯದಲ್ಲಿ. 2021ರಲ್ಲಿ ಅವರ ಮಗ ಪುನೀತ್ ಕೊಟ್ಟುಹೋದ ಎರಡು ಕಣ್ಣುಗಳಿಂದ ಅಲ್ಲಿಯ ವೈದ್ಯರು ನಾಲ್ವರಿಗೆ ದೃಷ್ಟಿ ಕೊಟ್ಟರು. ಓರಿಯನ್ ಪಾಪ ಮೂಡಲ ತುದಿಯವರೆಗೆ ನಡೆದ. ಅವನ ಈಗಿನ ವಿಳಾಸದಿಂದಾದರೆ ಕಣ್ಣಿನ ಆಸ್ಪತ್ರೆಗೆ ಆಟೊದಲ್ಲಿ ಮಿನಿಮಮ್ ಚಾರ್ಜಿನ ದಾರಿ. ಮೀಟರ್ ಹಾಕಿದರೆ.