ಮಣೂಕ ನ್ಯಾಯ: ಮುಚ್ಚಿಯೂ ತೆರೆದಿದ್ದ ಶಾಲೆಯ ಕುರಿತೊಂದು ಮೀಮಾಂಸೆ

ನಮ್ಮ ಶಾಸ್ತ್ರಕಾರರು ಬೆಕ್ಕಿನ ಮರಿಯಿಂದ ಒಂದು ನ್ಯಾಯ ಕಟ್ಟಿದರು, ಮಂಗನ ಮರಿಯಿಂದ ಇನ್ನೊಂದು ಕಟ್ಟಿದರು. ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕಿ ಮತ್ತೊಂದನ್ನು ಮಾಡಿದರು. ಕಾವ್ಯಮೀಮಾಂಸಕರು ದ್ರಾಕ್ಷಿಯಿಂದ ದ್ರಾಕ್ಷಾಪಾಕವನ್ನು ತೆಗೆದರು. ಹೀಗೆ ದ್ರಾಕ್ಷಿಗೆ ಪಾಕ ಸಿಕ್ಕಿತೇ ಹೊರತು ಇಂದಿಗೂ ನ್ಯಾಯ ಸಿಕ್ಕಿಲ್ಲ. ವಿಜಯಪುರ ಜಿಲ್ಲೆಯ ತಿಕೋಟಾ ಭಾಗದ ಬೆಳೆಗಾರರು ಈ ವಾಕ್ಯಕ್ಕೆ ಬೇರೆಯದೇ ಅರ್ಥ ಹೇಳಿಯಾರು, ಅದೂ ಸರಿಯೇ. ಶಾಸ್ತ್ರದ ಈ ಕೊರತೆಯನ್ನು ತುಂಬಿ, ಸಾಂಕ್ರಾಮಿಕದ ಕಾಲದಲ್ಲಿ ಶಾಲೆ ತೆರೆದಿರಬೇಕೇ, ಮುಚ್ಚಿ ದೂರದಿಂದ ಪಾಠ ಮಾಡಬೇಕೇ ಎಂಬ ಜಟಿಲ ಪ್ರಶ್ನೆಯನ್ನೂ ಅದೇ ಬೀಸಿನಲ್ಲಿ ಬಗೆಹರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ನಾವು ಪ್ರತಿಪಾದಿಸುವ ಮಣೂಕ ನ್ಯಾಯದ, ಅಂದರೆ ಒಣದ್ರಾಕ್ಷಿ ನ್ಯಾಯದ, ಸೂತ್ರ ಹೀಗಿದೆ: ಹಣ್ಣಿಗೆ ಪೇಟೆ ಮುಚ್ಚಿದಾಗ ಹಣ್ಣನ್ನು ಒಣಗಿಸು, ಒಣಗಿದ್ದನ್ನು ತೂಗಿ, ಇದು ಹಣ್ಣಿಗಿಂತ ಶ್ರೇಷ್ಠವೆಂದು ಸಾರು. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂದು, ಕಟಾವಿಗೆ ನಿಂತ ದ್ರಾಕ್ಷಿಯನ್ನು ಒಯ್ಯುವವರಿಲ್ಲದಾಗ ಬೆಳೆಗಾರರು ಮೊದಲರ್ಧವನ್ನು ಪಾಲಿಸಿದರು. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿದರೆ ಒಂದು ಕಿಲೋ ಮಣೂಕ. ಉಳಿದ ಮೂರು ಕಿಲೋ ಎಲ್ಲಿ ಹೋಯಿತೆಂದು ರೈತ ಯಾರನ್ನೂ ಕೇಳುವುದಿಲ್ಲ, ಅವನಿಗೆ ಗೊತ್ತು. ಸೂತ್ರದ ಎರಡನೆಯರ್ಧವನ್ನು ಪಾಲಿಸಿದವರು ಯಾರೆಂಬುದು ಮುಂದೆ ತಿಳಿದೀತು.

ವಾದಕ್ಕೆ ಮೊದಲು ಪದಶುದ್ಧಿ ಆಗಬೇಕು. ಶಾಲೆ ಮುಚ್ಚಿತ್ತು ಎಂದು ಎಲ್ಲರೂ ಅನ್ನುತ್ತಾರೆ. ಯಾರಿಗೆ ಮುಚ್ಚಿತ್ತು ಎಂದು ಕೇಳಿದವರು ಕಡಿಮೆ. 2020ರ ಮಾರ್ಚ್ ಮಧ್ಯದಲ್ಲಿ ಮಕ್ಕಳು ಹೊರಗೆ ಹೋದರು. ಮೇ ತಿಂಗಳಲ್ಲಿ ಮಹಾರಾಷ್ಟ್ರಕ್ಕೆ ದುಡಿಯಲು ಹೋದವರು ಗಡಿ ದಾಟಿ ಮರಳಿದಾಗ ಶಾಲೆಗಳೂ ಹಾಸ್ಟೆಲ್‌ಗಳೂ ಕ್ವಾರಂಟೈನ್ ಕೇಂದ್ರಗಳಾದವು. ಡಿಸೆಂಬರ್ 22 ಮತ್ತು 27ರಂದು ಗ್ರಾಮ ಪಂಚಾಯತಿ ಚುನಾವಣೆ ನಡೆದಾಗ ಅವೇ ಕೋಣೆಗಳು ಮತಗಟ್ಟೆಗಳಾದವು. ಮಕ್ಕಳಿಲ್ಲದ ಬೆಂಚುಗಳ ಪಕ್ಕ ಊರವರು ಸಾಲುಗಟ್ಟಿ ನಿಂತು ಬೆರಳಿಗೆ ಶಾಯಿ ಹಚ್ಚಿಸಿಕೊಂಡರು. ಅಂದರೆ ಹದಿನೆಂಟು ತುಂಬಿದವರಿಗೆ ಶಾಲೆ ತೆರೆದಿತ್ತು, ಆರು ತುಂಬಿದವರಿಗೆ ಮುಚ್ಚಿತ್ತು. ಈ ಅಂಶವನ್ನು ಅಲಕ್ಷಿಸಿ ನಡೆದ ಚರ್ಚೆಗಳೆಲ್ಲ ಅಡಿಪಾಯವಿಲ್ಲದವು. ಕಲಿಕೆ ನಿಂತಿತೆನ್ನುವುದೂ ಅರ್ಧಸತ್ಯ. 2020ರ ಮೇ 4ರಂದು ಮದ್ಯದಂಗಡಿಗಳು ತೆರೆದಾಗ, ಕರಿಹಲಗೆಯಿಂದ ಬಿಡುಗಡೆಗೊಂಡ ಸೀಮೆಸುಣ್ಣ ಅಂಗಡಿಗಳ ಮುಂದೆ ಸಮಾನ ಅಂತರದಲ್ಲಿ ವೃತ್ತಗಳನ್ನು ಬರೆಯಿತು. ನಾಗರಿಕರು ವೃತ್ತದ ಕೇಂದ್ರಬಿಂದುವಿನಲ್ಲಿ ನಿಂತು ತ್ರಿಜ್ಯದ ಮಹತ್ವ ಅರಿತರು. ಮದ್ಯಕ್ಕೆ ನಲವತ್ತು ದಿನಗಳಲ್ಲಿ ಸಿಕ್ಕ ಅನುಮತಿ ಒಂದರಿಂದ ಐದನೆಯ ತರಗತಿಗೆ ಸಿಕ್ಕಿದ್ದು 2021ರ ಅಕ್ಟೋಬರ್ 25ಕ್ಕೆ. ಹೋಲಿಕೆ ಅನುಚಿತವೆಂದು ಕೆಲವರು ಹೇಳುತ್ತಾರೆ. ಒಪ್ಪಿದೆವು: ಒಂದರಿಂದ ರಾಜ್ಯಕ್ಕೆ ಆದಾಯವಿದೆ.

ಇನ್ನು ದೂರಪಾಠದ ಪಕ್ಷ. ಇದರ ಸಮರ್ಥಕರು ತಂತ್ರಜ್ಞಾನದ ಮಾತಾಡುತ್ತಾರೆ, ಆದರೆ ಇದು ಮೂಲತಃ ತರ್ಕಶಾಸ್ತ್ರದ ವಿಷಯ. ತರಗತಿಯಲ್ಲಿ ಮಗು ಇದೆ ಎಂಬುದಕ್ಕೆ ಮಾಸ್ತರರಿಗೆ ಹಿಂದೆ ಪ್ರತ್ಯಕ್ಷ ಪ್ರಮಾಣವಿತ್ತು. ಹಿಂದಿನ ಸಾಲಿನಲ್ಲಿ ಗದ್ದಲವಿತ್ತು. ಆನ್‌ಲೈನ್ ಬಂದ ಮೇಲೆ ಅನುಮಾನ ಪ್ರಮಾಣವೇ ಗತಿ. ಹೊಗೆ ಕಂಡಲ್ಲಿ ಬೆಂಕಿ ಇರುವಂತೆ, ಕಪ್ಪು ಚೌಕದಲ್ಲಿ ಹೆಸರಿನ ಮೊದಲಕ್ಷರ ಕಂಡಲ್ಲಿ ಮಗು ಇದೆಯೆಂದು ತಿಳಿಯಬೇಕು. ಬೆಂಕಿಯಿಲ್ಲದ ಹೊಗೆ ಅಸಂಭವವೆಂದು ನೈಯಾಯಿಕರು ಧೈರ್ಯವಾಗಿ ಹೇಳಿದ್ದು ಅವರ ಕಾಲದಲ್ಲಿ ಮೊಬೈಲು ಇಲ್ಲದ್ದರಿಂದ. ಶಬ್ದ ಪ್ರಮಾಣಕ್ಕೆ ಇಲ್ಲಿ ವಿಶೇಷ ಸ್ಥಾನ: “ಸರ, ಆವಾಜ್ ಬರವಲ್ದು” ಎಂಬ ವಾಕ್ಯ ಕೇಳಿಸಿದರೆ ಮಗು ಇದೆ, ಪಾಠ ಇಲ್ಲ, ಕೇಳಿಸದಿದ್ದರೆ ಪಾಠ ಇದೆ, ಮಗು ಇಲ್ಲ. ಎರಡೂ ಒಟ್ಟಿಗೆ ಇರುವುದು ತೀರ ವಿರಳವಾದ ಯೋಗ. ಕೊನೆಯದು ಅನುಪಲಬ್ಧಿ, ಇಲ್ಲದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ಭಾಟ್ಟ ಮೀಮಾಂಸಕರು ಇದನ್ನು ಸ್ವತಂತ್ರ ಪ್ರಮಾಣವೆಂದು ಒಪ್ಪಿದಾಗ ಬೇರೆ ಕೆಲವು ದರ್ಶನದವರು ತಕರಾರು ತೆಗೆದರು. ತೋಟದ ವಸ್ತಿಯಲ್ಲಿ ನೆಟ್‌ವರ್ಕ್ ಹುಡುಕಿದವರು ಮಾತ್ರ ಭಾಟ್ಟರ ಕಡೆಗೇ ನಿಲ್ಲುತ್ತಾರೆ.

ಸರ್ಕಾರಕ್ಕೂ ಈ ಜ್ಞಾನಮೀಮಾಂಸೆಯ ಅರಿವಿತ್ತು. 2020ರ ಜೂನ್‌ನಲ್ಲಿ ಅದು ಚಿಕ್ಕ ತರಗತಿಗಳಿಗೆ ಆನ್‌ಲೈನ್ ಪಾಠ ಬೇಡವೆಂದಿತು. ಜುಲೈ 8ರಂದು ಹೈಕೋರ್ಟ್ ಅದು ಶಿಕ್ಷಣದ ಹಕ್ಕಿಗೆ ಅಡ್ಡಿಯೆಂದು ತಡೆ ಕೊಟ್ಟಿತು. ಹೀಗೆ ಮಕ್ಕಳಿಗೆ ಮೊಬೈಲು ನೋಡಬಾರದೆಂಬ ಅಪ್ಪಣೆ ಒಂದು ತಿಂಗಳು, ನೋಡುವ ಹಕ್ಕು ಮುಂದಿನ ತಿಂಗಳು ದೊರೆಯಿತು. ಮೊಬೈಲು ಎರಡೂ ತಿಂಗಳು ಅಪ್ಪನ ಕಿಸೆಯಲ್ಲಿದ್ದುದರಿಂದ ಬಹಳ ಮನೆಗಳಲ್ಲಿ ಆದೇಶದ ಬದಲಾವಣೆ ಗಮನಕ್ಕೆ ಬರಲಿಲ್ಲ. ಆಗಸ್ಟ್‌ನಲ್ಲಿ ವಿದ್ಯಾಗಮ ಯೋಜನೆ ಬಂತು. ಮಾಸ್ತರರು ಗುಡಿಕಟ್ಟೆಗೆ, ಸಮುದಾಯ ಭವನಕ್ಕೆ, ಗಿಡದ ನೆರಳಿಗೆ ಹೋಗಿ ಕಲಿಸಿದರು. ಮಕ್ಕಳನ್ನು ಇಂಟರ್ನೆಟ್ ಇರುವ ಮೊಬೈಲಿನವರು, ಬರೀ ಮಾತಿನ ಮೊಬೈಲಿನವರು, ಏನೂ ಇಲ್ಲದವರು ಎಂದು ಮೂರು ಗುಂಪು ಮಾಡಿ, ಆ ಗುಂಪುಗಳನ್ನು ಇಲಾಖೆ ಕಾಲ್ಪನಿಕ ಕೋಣೆಗಳೆಂದು ಕರೆಯಿತು. ಆಡಳಿತದ ಕನ್ನಡದಲ್ಲಿ ಇಷ್ಟು ಪ್ರಾಮಾಣಿಕವಾದ ಪದಪುಂಜ ಹಿಂದೆ ಬಂದಿದ್ದು ನಮಗೆ ಕಾಣದು. ಎಷ್ಟೋ ಊರುಗಳಲ್ಲಿ ಮೂರನೆಯ ಕೋಣೆ ಕೊರೊನಾಕ್ಕಿಂತ ಮುಂಚೆಯೂ ಕಾಲ್ಪನಿಕವೇ ಆಗಿತ್ತು, ಮಂಜೂರಾಗಿ ಕಟ್ಟದೆ ಉಳಿದದ್ದು.

ದೂರಪಾಠವು ಪರದೇಶದಿಂದ ಬಂದ ವಿದ್ಯೆಯೆಂಬ ತಪ್ಪು ಕಲ್ಪನೆಯನ್ನೂ ಇಲ್ಲಿ ಅಳಿಸಬೇಕು. ವಿಜಯಪುರ ನಗರದಲ್ಲಿ 1656ರಷ್ಟು ಹಿಂದೆಯೇ ಅದರ ಕಟ್ಟಡ ಮುಗಿದಿತ್ತು. ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯ ಒಂದು ಬದಿ ಮಾಸ್ತರರು, ಎದುರು ಬದಿ ಮಕ್ಕಳು: ನಡುವೆ ಸುಮಾರು 38 ಮೀಟರು, ಅಂದರೆ ಸರ್ಕಾರ ಹೇಳಿದ ಆರಡಿಯ ಇಪ್ಪತ್ತು ಪಟ್ಟು. ಗೋಡೆಗೆ ಬಾಯಿಟ್ಟು ಮಗ್ಗಿ ಪಿಸುಗುಟ್ಟಿದರೆ ಆಚೆ ತಲುಪುತ್ತದೆ. ರೀಚಾರ್ಜ್ ಬೇಡ, ಚಾರ್ಜರ್ ಬೇಡ, ಕರೆಂಟು ಹೋದರೂ ಮಗ್ಗಿ ಹೋಗದು. ಒಂದೇ ದೋಷ, ಪ್ರತಿಧ್ವನಿ. ಎರಡೊಂದ್ಲೆ ಎರಡು ಎಂಬುದು ಏಳು ಸಲ ತಿರುಗಿ ಬರುತ್ತದೆಂದು ಗೈಡುಗಳ ಅಂಬೋಣ. ಮಾಸ್ತರರಿಗೆ ತಾನು ಬಹಳ ಕಲಿಸಿದೆನೆಂಬ ತೃಪ್ತಿ, ಮೇಲಧಿಕಾರಿಗೆ ಏಳು ಪಟ್ಟು ವರದಿ. ನಮ್ಮ ಸೂಕ್ಷ್ಮ ಪರಿಶೀಲನೆಯಲ್ಲಿ ಆನ್‌ಲೈನ್ ತರಗತಿಯ ಅಂಕಿಸಂಖ್ಯೆಗಳಿಗೂ ಈ ಗುಣ ಇತ್ತು: ಕಳಿಸಿದ ವಿಡಿಯೊಗಳ ಲೆಕ್ಕವೇ ಕಲಿತ ಪಾಠಗಳ ಲೆಕ್ಕವಾಗಿ ಮರಳಿತು. ಚಂದನ ವಾಹಿನಿಯ ಪಾಠಗಳ ಬಗ್ಗೆ ಇಷ್ಟು ಕಟುವಾಗಬೇಕಿಲ್ಲ, ಅವು ಮನೆಯಲ್ಲಿ ಟಿವಿ ಇದ್ದವರಿಗೆಲ್ಲ ತಲುಪುವಂಥವು. ಆದರೆ ಅಲ್ಲಿಯೂ ಮಗು ಕೈಯೆತ್ತಿದರೆ ಕಾಣುವವರು ಮನೆಮಂದಿ ಮಾತ್ರ.

ಈಗ ಮಣೂಕಕ್ಕೆ ಬರೋಣ, ಏಕೆಂದರೆ ಸಿದ್ಧಾಂತದ ಸತ್ತ್ವ ಇಲ್ಲಿದೆ. ಒಣಗಿಸುವ ಕ್ರಿಯೆ ಹತ್ತನೆಯ ತರಗತಿಯಲ್ಲಿ ಪರಿಪೂರ್ಣತೆಗೆ ಮುಟ್ಟಿತು. 2020–21ಕ್ಕೆ ಪಠ್ಯದಲ್ಲಿ ಸುಮಾರು ಶೇ 30 ನೀರಂಶ ತೆಗೆಯಲಾಯಿತು. 2021ರ ಜುಲೈ 19 ಮತ್ತು 22ರಂದು ಆರು ವಿಷಯಗಳನ್ನು ಎರಡೇ ದಿನಕ್ಕೆ ಇಳಿಸಿ, ವಿಷಯಕ್ಕೆ 40ರಂತೆ ಪ್ರಶ್ನೆ ಕೊಟ್ಟು, ಉತ್ತರದ ಎದುರಿನ ಸೊನ್ನೆಗೆ ಮಸಿ ತುಂಬಿಸಲಾಯಿತು. ಫಲಿತಾಂಶ ತೂಗಿದಾಗ 8.71 ಲಕ್ಷ ವಿದ್ಯಾರ್ಥಿಗಳಲ್ಲಿ ಅನುತ್ತೀರ್ಣರಾದವರು ಒಬ್ಬರು. ಅವರೂ ತಮ್ಮ ಬದಲು ಬೇರೆಯವರನ್ನು ಕಳಿಸಿದ್ದರಿಂದ. 157 ಮಂದಿಗೆ 625ಕ್ಕೆ 625. ಜಗತ್ತಿನ ಅನೇಕ ದೇಶಗಳಲ್ಲಿ ಶಾಲೆ ಮುಚ್ಚಿದಾಗ ಕಲಿಕೆ ಕುಸಿದು ಅಲ್ಲಿಯ ವಿದ್ವಾಂಸರು ಕಂಗಾಲಾದರು. ನಮ್ಮಲ್ಲಿ ಮುಚ್ಚಿದ ಶಾಲೆ ತೆರೆದ ಶಾಲೆಗಿಂತ ಹೆಚ್ಚು ಪಾಸು ಮಾಡಿಸಿತು. ಇದರಿಂದ ಶಾಲೆಯೇ ಅನುತ್ತೀರ್ಣತೆಗೆ ಕಾರಣವೆಂಬ ನಿಗಮನ ಹೊರಡುತ್ತದೆ, ತರ್ಕದಲ್ಲಿ ಇದಕ್ಕೆ ತಪ್ಪಿಲ್ಲ.

ಇದಕ್ಕೆ ವಿರುದ್ಧ ಸಾಕ್ಷ್ಯವೊಂದಿದೆ, ಮುಚ್ಚಿಡುವುದು ಪಾಂಡಿತ್ಯಕ್ಕೆ ಶೋಭೆಯಲ್ಲ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ನೋಡಿತು: ಹಿಂದಿನ ವರ್ಷ ಬರುತ್ತಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಶೇ 92 ಮಕ್ಕಳು, ಗಣಿತದಲ್ಲಿ ಶೇ 82 ಮಕ್ಕಳು ಕಳೆದುಕೊಂಡಿದ್ದರು. ರಾಜ್ಯದಲ್ಲಿ ಮೂರನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರ ಅಸರ್ ಸಮೀಕ್ಷೆಯಲ್ಲಿ ನೂರಕ್ಕೆ 19ರಷ್ಟಿದ್ದರು, 2022ರಲ್ಲಿ ಹತ್ತಕ್ಕಿಂತ ಕಡಿಮೆ. ಅಂದರೆ ಹಣ್ಣು ತುಂಬ ದಪ್ಪಗೇನೂ ಇರಲಿಲ್ಲ, ಇದ್ದದ್ದೂ ಒಣಗಿತು. ಇಲಾಖೆ 2022–23ನ್ನು ಕಲಿಕಾ ಚೇತರಿಕೆಯ ವರ್ಷವೆಂದಿತು. ಮಣೂಕವನ್ನು ರಾತ್ರಿ ನೀರಿಗೆ ಹಾಕಿದರೆ ಬೆಳಿಗ್ಗೆ ಉಬ್ಬುವುದು ಎಲ್ಲರಿಗೂ ಗೊತ್ತು. ಉಬ್ಬಿದ್ದನ್ನು ಮತ್ತೆ ಗೊಂಚಲಿಗೆ ಪೋಣಿಸಿದವರನ್ನು ತಿಕೋಟಾದಲ್ಲೂ ಕಾಣೆವು.

ಮೊದಲ ಆಕ್ಷೇಪ ರೋಗದ್ದು, ಇದಕ್ಕೆ ಅಣಕದ ಉತ್ತರ ಸಲ್ಲದು. 2021ರ ಏಪ್ರಿಲ್, ಮೇ ತಿಂಗಳ ಅಲೆಯಲ್ಲಿ ಹಾಸಿಗೆಗೂ ಆಮ್ಲಜನಕಕ್ಕೂ ಜನ ಅಲೆದಾಗ ಶಾಲೆ ಮುಚ್ಚಿದ್ದನ್ನು ತಪ್ಪೆನ್ನುವವರು ಯಾರೂ ಇಲ್ಲ. ಶಿಕ್ಷಕರೂ ಜೀವ ಕಳೆದುಕೊಂಡರು. ನಮ್ಮ ತಕರಾರು ಆ ಎರಡು ತಿಂಗಳ ಮೇಲಲ್ಲ, ಅವುಗಳ ಹಿಂದೆ ಮುಂದೆ ಬಿದ್ದ ಉಳಿದ ಹದಿನೇಳರ ಮೇಲೆ. 2020ರ ಅಕ್ಟೋಬರ್‌ನಲ್ಲಿ ಮಕ್ಕಳಿಗೆ ಸೋಂಕು ತಗುಲಿದ ಸುದ್ದಿ ಬಂದೊಡನೆ ವಿದ್ಯಾಗಮವನ್ನು ನಿಲ್ಲಿಸಿದರು. ಎರಡು ತಿಂಗಳಿಗೆ ಅದೇ ಊರುಗಳಲ್ಲಿ ಚುನಾವಣೆಯ ಪ್ರಚಾರ ನಡೆಯಿತು. ಹಳೆಯ ಪ್ಲೇಗಿನಲ್ಲಿ ಮುಂಬಯಿ ಕರ್ನಾಟಕದ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಅದೂ ದೂರ ಸರಿಯುವುದೇ. ಆದರೆ ಆಗ ಊರೆಲ್ಲ ಕೂಡಿಯೇ ದೂರ ಹೋಗುತ್ತಿತ್ತು, ಮಕ್ಕಳನ್ನಷ್ಟೇ ಕಳಿಸಿ ದೊಡ್ಡವರು ಪೇಟೆಯಲ್ಲಿ ಉಳಿಯುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಬಬಲೇಶ್ವರದ ಕಡೆಯಿಂದ ಬರಬಹುದಾದದ್ದು, ಮತ್ತು ಚುರುಕಾದದ್ದು. ಆ ತಾಲ್ಲೂಕಿನ ಮಮದಾಪುರದ ಕೆರೆ ಆದಿಲ್‌ಶಾಹಿ ಕಾಲದ್ದು. ಮಳೆ ನಂಬಿ ಬತ್ತುತ್ತಿದ್ದ ಈ ಭಾಗದ ಕೆರೆಗಳಿಗೆ ಈಗ ಏತ ನೀರಾವರಿಯಿಂದ ಎಲ್ಲೋ ದೂರದ ಕೃಷ್ಣೆಯ ನೀರು ಬರುತ್ತದೆ. ನೀರು ದೂರದಿಂದ ಬರಬಹುದಾದರೆ ಪಾಠ ಏಕೆ ಬರಬಾರದು? ಉತ್ತರ: ನೀರು ದೂರದಿಂದ ಬರುವುದು ಕೆರೆಗೆ. ಕೆರೆಯನ್ನು ಮುಚ್ಚಿ, ಪ್ರತಿ ಮನೆಯವರೂ ತಂತಮ್ಮ ಪೈಪು, ತಂತಮ್ಮ ಪಂಪು ಕೊಂಡು ಕೃಷ್ಣೆಗೆ ಜೋಡಿಸಿಕೊಳ್ಳಬೇಕು, ಇಲ್ಲದವರು ಕಾಲ್ಪನಿಕ ಕೆರೆಯಲ್ಲಿ ಕೊಡ ಅದ್ದಬೇಕು ಎಂದು ಯಾವ ನೀರಾವರಿ ಮಂತ್ರಿಯೂ ಈವರೆಗೆ ಹೇಳಿಲ್ಲ. ಹೇಳಿದ್ದರೆ ಮರುದಿನವೇ ರಸ್ತೆತಡೆ ಆಗುತ್ತಿತ್ತು. ಮಕ್ಕಳಿಗೆ ಹಾಗೆ ಹೇಳಿದಾಗ ಆಗಲಿಲ್ಲ. ಮಕ್ಕಳು ರಸ್ತೆತಡೆ ಮಾಡುವ ವಯಸ್ಸಿನವರಾಗಿರಲಿಲ್ಲ.

ಮೂರನೆಯದು ಊಟ. ಶಾಲೆಯೆಂದರೆ ಪಾಠವೆಂದು ಭಾವಿಸಿದವರಿಗೆ ಈ ಆಕ್ಷೇಪ ತೋಚುವುದೇ ಇಲ್ಲ. 2002ರಿಂದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು. ಶಾಲೆ ಮುಚ್ಚಿದಾಗ ಬಿಸಿಯೂಟ ಒಣಗಿ ಅಕ್ಕಿ, ಬೇಳೆಯ ಪೊಟ್ಟಣವಾಯಿತು. ಮಣೂಕ ನ್ಯಾಯ ಇಲ್ಲಿಯೂ ಚೊಕ್ಕವಾಗಿ ಹೊಂದುತ್ತದೆ. ಮಗುವಿನ ಹೆಸರಿನ ಅಕ್ಕಿ ಮನೆಯ ಗಡಿಗೆಗೆ ಬಿದ್ದ ಮೇಲೆ ಅದು ಮನೆಮಂದಿಯ ಅಕ್ಕಿ. 2021ರ ಡಿಸೆಂಬರ್‌ನಿಂದ ಅಪೌಷ್ಟಿಕತೆ ಹೆಚ್ಚಿರುವ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಸರ್ಕಾರ ಮುಂದಾಯಿತು. ಆ ಪಟ್ಟಿಯಲ್ಲಿ ವಿಜಯಪುರವಿತ್ತು. ಕೆಲವು ಮಠಾಧೀಶರು ವಿರೋಧಿಸಿದರು, ಬೇಡವೆಂದವರಿಗೆ ಬಾಳೆಹಣ್ಣು ನಿಗದಿಯಾಯಿತು. ಮೊಟ್ಟೆ ಸಸ್ಯಾಹಾರವೋ ಮಾಂಸಾಹಾರವೋ ಎಂಬುದು ಈ ಪ್ರಬಂಧದ ವ್ಯಾಪ್ತಿಗೆ ಬಾರದು. ಅದು ಆನ್‌ಲೈನ್ ಆಹಾರವಲ್ಲ ಎಂಬಲ್ಲಿ ಮಾತ್ರ ಉಭಯ ಪಕ್ಷಗಳಿಗೂ ಒಮ್ಮತವಿತ್ತು.

ಹಾಗಾದರೆ ಮುಂದಿನ ಸಾಂಕ್ರಾಮಿಕಕ್ಕೆ ಏನು ವ್ಯವಸ್ಥೆ? ತೆರೆದಿರಬೇಕು ಎನ್ನುವವರಿಗೆ ಗಾಳಿ ಬೇಕು, ಮುಚ್ಚಿರಬೇಕು ಎನ್ನುವವರಿಗೆ ಅಂತರ ಬೇಕು. ಎರಡೂ ಇರುವ ಕಟ್ಟಡ ತಿಕೋಟಾದ ತೋಟಗಳಲ್ಲಿ ಈಗಾಗಲೇ ನಿಂತಿದೆ: ಮಣೂಕದ ಶೆಡ್ಡು. ಮೇಲೆ ತಗಡು, ನಾಲ್ಕೂ ಕಡೆ ಬಯಲು, ಬಿಸಿಲಿಗೆ ಹಸಿರು ಪರದೆ, ಒಳಗೆ ಒಂದರ ಮೇಲೊಂದು ಬಲೆಯ ಅಟ್ಟ. ಅದರೊಳಗೆ ಗಾಳಿ ಎಷ್ಟು ಆಡುತ್ತದೆಂಬುದಕ್ಕೆ ಹಣ್ಣು ಒಣಗುವುದೇ ಸಾಕ್ಷಿ. ಅದನ್ನು ಕಟ್ಟಿದವನಿಗೆ ದ್ರಾಕ್ಷಿ ಕೊಳೆಯಬಾರದೆಂಬ ಚಿಂತೆಯಿತ್ತು. ಶಾಲೆಯ ಕಿಟಕಿ ಅಳೆದವರಿಗೆ ಅಂಥ ಚಿಂತೆ ಇದ್ದಂತೆ ತೋರದು. ಒಣಗಿಸುವ ಕೆಲಸ ಇರುವುದು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಜೂನ್‌ನಿಂದ ಜನವರಿಯ ತನಕ ಶೆಡ್ಡು ಖಾಲಿ, ಆದ್ದರಿಂದ ತರಗತಿಗೆ ತೊಡಕಿಲ್ಲ. ಏಪ್ರಿಲ್, ಮೇ ಹೇಗೂ ರಜೆ. ಇಕ್ಕಟ್ಟು ಬರುವುದು ಫೆಬ್ರವರಿ ಮತ್ತು ಮಾರ್ಚಿನಲ್ಲಿ, ಸರಿಯಾಗಿ ಪರೀಕ್ಷೆಯ ಹೊತ್ತಿಗೆ. ಆಗ ಮೇಲಿನ ಅಟ್ಟಗಳಲ್ಲಿ ದ್ರಾಕ್ಷಿಯನ್ನೂ ಕೆಳಗೆ ನೆಲದ ಮೇಲೆ ಮಕ್ಕಳನ್ನೂ ಹಂಚಿ ಕೂರಿಸಬಹುದು. ಪರೀಕ್ಷಾ ಮೇಲ್ವಿಚಾರಕರ ಜೊತೆಗೆ ಬೆಳೆಗಾರರೂ ಒಬ್ಬರು ಕೂರತಕ್ಕದ್ದು. ಪ್ರತಿ ಪತ್ರಿಕೆಯ ಕೊನೆಗೆ ಉತ್ತರ ಪತ್ರಿಕೆಗಳನ್ನು ಎಣಿಸಿ, ಮಣೂಕವನ್ನು ತೂಗಿ, ಎರಡರ ಲೆಕ್ಕವನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಮೊಹರು ಮಾಡತಕ್ಕದ್ದು. ತೂಕದಲ್ಲಿ ಅರ್ಧ ಕಿಲೋವರೆಗಿನ ಕೊರತೆಯನ್ನು ಬಿಸಿಯೂಟದ ಖಾತೆಗೆ ಬರೆಯಲು ಅವಕಾಶವಿರಲಿ.