ವಂದನಾರ್ಪಣೆಗೆ ಒಬ್ಬರು ಬೇಕಾಗಿದ್ದಾರೆ

ಧಾರವಾಡಕ್ಕೆ ವರ್ಗವಾಯಿತೆಂದು ಗೊತ್ತಾದಾಗ ಬೆಂಗಳೂರಿನ ಸಹೋದ್ಯೋಗಿಗಳು ಒಂದೇ ಉಸಿರಿನಲ್ಲಿ ಎರಡು ಮಾತು ಹೇಳಿದರು. ಒಂದು, ಬರುವಾಗ ಪೇಢೆ ತಾ. ಇನ್ನೊಂದು, ಸಂಜೆ ಹೊತ್ತು ಅಲ್ಲಿ ಏನು ಮಾಡ್ತೀಯೋ, ಪಾಪ. ಪೇಢೆಯ ವಿಷಯ ನಾನು ತಲೆಗೆ ಹಚ್ಚಿಕೊಳ್ಳಲಿಲ್ಲ. ಸಂಜೆಯ ವಿಷಯ ಮಾತ್ರ ನಿದ್ದೆ ಕೆಡಿಸಿತು.

ಬೆಂಗಳೂರಿನಲ್ಲಿ ನನಗೆ ಮನರಂಜನೆಗೇನು ಬರವಿತ್ತೇ? ರಂಗಶಂಕರದಲ್ಲಿ ಸೋಮವಾರ ಒಂದು ಬಿಟ್ಟು ದಿನವೂ ನಾಟಕ. ಚೌಡಯ್ಯ ಸ್ಮಾರಕ ಭವನದಲ್ಲಿ ಕಛೇರಿ. ಚಿತ್ರಕಲಾ ಪರಿಷತ್ತಿನಲ್ಲಿ ಪ್ರದರ್ಶನ. ಲಾಲ್‌ಬಾಗಿನಲ್ಲಿ ವರ್ಷಕ್ಕೆ ಎರಡು ಸಲ ಫಲಪುಷ್ಪ. ಇವುಗಳಲ್ಲಿ ಯಾವುದಕ್ಕೂ ನಾನು ಹೋದವನಲ್ಲ ಎಂಬುದು ಬೇರೆ ಮಾತು. ಹೋಗಬಹುದಿತ್ತಲ್ಲ, ಅದು ಮುಖ್ಯ. ಶನಿವಾರ ಸಂಜೆ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಕಾರು ನಿಲ್ಲಿಸಿಕೊಂಡು, ಈ ಟ್ರಾಫಿಕ್ ಇಲ್ಲದಿದ್ದರೆ ಎಲ್ಲೆಲ್ಲಿಗೆ ಹೋಗಬಹುದಿತ್ತು ಎಂದು ಹೆಂಡತಿಯ ಜೊತೆ ಚರ್ಚಿಸುವುದೇ ನಮ್ಮ ವಾರಾಂತ್ಯ. ಆ ಸೌಲಭ್ಯ ಧಾರವಾಡದಲ್ಲಿ ಎಲ್ಲಿಂದ ಬರಬೇಕು? ಅಲ್ಲಿ ಎಲ್ಲಿಗೆ ಹೊರಟರೂ ಕಾಲು ಗಂಟೆಯಲ್ಲಿ ತಲುಪಿಯೇಬಿಡುತ್ತೇವೆ. ತಲುಪಿದ ಮೇಲೆ ಏನಾದರೂ ಮಾಡಲೇಬೇಕಾಗುತ್ತದೆ.

ನಮ್ಮ ಮನೆ ಮಾಲೀಕರು ನಿವೃತ್ತ ಹೈಸ್ಕೂಲು ಮಾಸ್ತರರು. ಸಾಮಾನು ಇಳಿಸುವಾಗಲೇ ಕೇಳಿದೆ, "ಈ ಊರಲ್ಲಿ ಟೈಮ್‌ಪಾಸಿಗೆ ಏನಿದೆ ಸರ್?"

ಮಾಸ್ತರರು ಕನ್ನಡಕ ತೆಗೆದು ಒರೆಸಿದರು. "ಟೈಮ್‌ಪಾಸ್ ಅಂತ ಬಸ್‌ಸ್ಟ್ಯಾಂಡಿನ್ಯಾಗ ಶೇಂಗಾ ಮಾರ್ತಾರ್ರೀ ಸಾಹೇಬ್ರ. ನಮ್ಮಲ್ಲೆ ಟೈಮೇ ಸಾಲೂದಿಲ್ಲ, ಪಾಸ್ ಎಲ್ಲಿಂದ ಮಾಡೂದು?" ಎಂದವರೇ ಬೆರಳು ಮಡಚತೊಡಗಿದರು. 1890ರಲ್ಲಿ ಹುಟ್ಟಿದ ವಿದ್ಯಾವರ್ಧಕ ಸಂಘದಲ್ಲಿ ಉಪನ್ಯಾಸ. ರಂಗಾಯಣದಲ್ಲಿ ನಾಟಕ. ಸಾಧನಕೇರಿಯ ಬೇಂದ್ರೆ ಭವನದಲ್ಲಿ ಕವಿಗೋಷ್ಠಿ. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಶುರುವಾದ ಆ ಪ್ರಕಾಶನದ ಅಟ್ಟ ಹತ್ತಿದವರು ಪುಸ್ತಕಕ್ಕಿಂತ ಹೆಚ್ಚು ಮಾತನ್ನು ಹೊತ್ತು ಇಳಿಯುತ್ತಾರೆ. ಎರಡೂ ಕೈಯ ಬೆರಳು ಮುಗಿದವು. ಮಾಸ್ತರರು ನನ್ನ ಕೈಯ ಕಡೆ ನೋಡಿದರು. ನಾನು ಕೈ ಜೇಬಿಗೆ ಹಾಕಿಕೊಂಡೆ.

ಮೊದಲು ವಾಕಿಂಗಿನಿಂದ ಶುರು ಮಾಡೋಣವೆಂದುಕೊಂಡೆ. ಅದಕ್ಕೆ ಟಿಕೆಟ್ಟಿಲ್ಲ, ಅಪಾಯವೂ ಇಲ್ಲ. ವಿಶ್ವವಿದ್ಯಾಲಯದ ಗುಡ್ಡ ಮಲೆನಾಡಿನ ಗಾಳಿ ಬೀಸುವ ಜಾಗ, ಮರಗಳ ನೆರಳು, ದಾರಿ ಸೊಗಸು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಹೊರಟೆ. ಬೆಂಗಳೂರಿನ ಉದ್ಯಾನಗಳಲ್ಲಿ ಇಯರ್‌ಫೋನು ಎಂದರೆ ಮಾತಾಡಿಸಬೇಡಿ ಎಂಬ ಬೋರ್ಡು. ಧಾರವಾಡದಲ್ಲಿ ಅದನ್ನು ಕಿವಿಯ ತೊಂದರೆ ಎಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಮಾತಾಡಿಸುತ್ತಾರೆ. ಎದುರು ಬಂದ ಹಿರಿಯರೊಬ್ಬರು ನನ್ನನ್ನು ಅಡ್ಡಗಟ್ಟಿ ಊರು, ಹೆಸರು, ಬ್ಯಾಂಕು, ಬಾಡಿಗೆ ಎಲ್ಲ ವಿಚಾರಿಸಿ, ಕೊನೆಗೆ "ನಮ್ಮ ಕವನ ಸಂಕಲನದ ಬಗ್ಗೆ ನಿಮ್ಮ ಅಭಿಪ್ರಾಯ ಏನ್ರಿ?" ಎಂದರು.

ಮಾತು ಮುಗಿಸುವ ಅವಸರದಲ್ಲಿ "ಅದ್ಭುತ ಸರ್" ಎಂದೆ.

"ಹೌದ? ಅದು ಇನ್ನೂ ಪ್ರಿಂಟಾಗಿಲ್ಲಲ್ರೀ" ಎಂದರು ಅವರು, ಮುಖವರಳಿಸಿ. ಸಂಜೆಯೊಳಗೆ ಹಸ್ತಪ್ರತಿ ಮನೆಗೆ ಬಂತು. ಕವಿಗಳು ನೀರಾವರಿ ಇಲಾಖೆಯ ನಿವೃತ್ತ ಇಂಜಿನಿಯರು. ಪ್ರತಿ ಪದ್ಯದಲ್ಲೂ ಕಾಲುವೆಯಿತ್ತು. ವಿರಹಕ್ಕೆ ಗೇಟು ಹಾಕಿದ್ದರು. ಪ್ರೇಮ ಕ್ಯೂಸೆಕ್ಸಿನಲ್ಲಿ ಹರಿಯುತ್ತಿತ್ತು.

ಶ್ರಾವಣ ಬಂತು. ಧಾರವಾಡದ ಮಳೆ ಆರ್ಭಟಿಸುವುದಿಲ್ಲ. ಬಂದು ಕೂತರೆ ಏಳುವುದೂ ಇಲ್ಲ. ಅಂಥ ಒಂದು ಸಂಜೆ ಮಾಸ್ತರರು ಎರಡು ಛತ್ರಿ ಹಿಡಿದು ಬಾಗಿಲಲ್ಲಿ ನಿಂತರು. ಹಿಂದೂಸ್ತಾನಿ ಗಾಯನವಂತೆ. ಮಲ್ಲಿಕಾರ್ಜುನ ಮನ್ಸೂರರೂ ಬಸವರಾಜ ರಾಜಗುರುಗಳೂ ಬಾಳಿದ ಊರು, ಗಂಗೂಬಾಯಿ ಹಾನಗಲ್ ಹುಟ್ಟಿದ ಊರು. ಇಲ್ಲಿ ಗಾಯನಕ್ಕೆ ಬರಲಾರೆ ಎನ್ನುವುದು ಕಾಶಿಯಲ್ಲಿ ಸ್ನಾನ ಒಲ್ಲೆ ಎಂದಂತೆ. ಹೋದೆ.

ವಿಲಂಬಿತ ಏಕತಾಲಕ್ಕೆ ಹನ್ನೆರಡು ಮಾತ್ರೆ ಎಂದು ಮಾಸ್ತರರು ದಾರಿಯಲ್ಲೇ ಪಾಠ ಮಾಡಿದ್ದರು. ಗಾಯಕರು ಎಲ್ಲೆಲ್ಲೋ ಅಲೆದು ಸರಿಯಾಗಿ ಮೊದಲ ಮಾತ್ರೆಗೆ, ಅಂದರೆ 'ಸಮ್'ಗೆ ಬಂದು ಇಳಿಯುತ್ತಾರೆ. ಆಗ ತಿಳಿದವರು ತಲೆದೂಗುತ್ತಾರೆ. ಆದರೆ ಆ ವೇಗದಲ್ಲಿ ಒಂದು ಸಮ್‌ನಿಂದ ಇನ್ನೊಂದಕ್ಕೆ ಒಂದು ನಿಮಿಷವೇ ಹಿಡಿಯಬಹುದು ಎಂದು ಅವರು ಹೇಳಿರಲಿಲ್ಲ. ಒಂದು ನಿಮಿಷ ಕಾಯುವುದು ಸಿಗ್ನಲ್ಲಿನಲ್ಲಿ ಪಳಗಿದ ನನಗೆ ಕಷ್ಟವೇನಲ್ಲ; ಕಣ್ಣು ಮುಚ್ಚಿ ಕಾಯುವುದು ಕಷ್ಟ. ಜೋಂಪು ಹತ್ತಿ ತಲೆ ತೂಗತೊಡಗಿತು. ಪಕ್ಕದಲ್ಲಿದ್ದ ಅಜ್ಜನಿಗೆ ಕಿವಿ ಸ್ವಲ್ಪ ಮಂದ. ನನ್ನ ತಲೆಯನ್ನೇ ನಂಬಿ ಅವರೂ ತೂಗಿದರು. ಅವರ ಮೇಲಿನ ಗೌರವದಿಂದ ಇಡೀ ಸಾಲು ತೂಗಿತು. ಏಳನೇ ಮಾತ್ರೆಯಲ್ಲಿ ಒಂದು ಸಾಲು ಒಟ್ಟಾಗಿ ತಲೆದೂಗುವುದನ್ನು ಕಂಡ ತಬಲಾದವರು ಗಾಬರಿಯಾಗಿ ಗಾಯಕರ ಮುಖ ನೋಡಿದರು.

ಇಷ್ಟಕ್ಕೇ ನಿಂತಿದ್ದರೆ ಬದುಕುತ್ತಿದ್ದೆ. ದೊಡ್ಡ ರಾಗ ಮುಗಿಸಿ ನೀರು ಕುಡಿದ ಗಾಯಕರು ನಗುತ್ತಾ "ಮುಂದ ಏನ ಹಾಡೂಣ್ರಿ?" ಎಂದು ಸಭೆಯನ್ನು ಕೇಳಿದರು. ಸಭೆ ಯೋಚಿಸುತ್ತಿತ್ತು. ನನಗೆ ಹೆಸರು ಗೊತ್ತಿದ್ದ ರಾಗ ಒಂದೇ. ಮಾಸ್ತರರ ಎದುರು ಮರ್ಯಾದೆ ಉಳಿಸಿಕೊಳ್ಳಲು ಎದ್ದು ನಿಂತೇ ಕೂಗಿದೆ, "ಭೈರವಿ!"

ಸಭಾಂಗಣ ಸ್ತಬ್ಧವಾಯಿತು. ಭೈರವಿ ಹಾಡುವುದು ಕಛೇರಿ ಮುಗಿಸುವಾಗ. ಅದಾದ ಮೇಲೆ ತಂಬೂರಿಗೆ ಗವಸು ಹಾಕುತ್ತಾರೆ. ಅರ್ಧ ದಾರಿಯಲ್ಲಿ ಭೈರವಿ ಕೇಳಿದರೆ, ಸಾಕು ಮಾಡಿ ಮನೆಗೆ ಹೋಗಿ ಎಂದಂತೆ. ಗಾಯಕರು ದೊಡ್ಡ ಮನುಷ್ಯರು. ಕೈಮುಗಿದು, "ಯಾರದೋ ಬಸ್ ತಪ್ಪೂದದ ಅಂತ ಕಾಣ್ತದ" ಎಂದರು. ಸಭೆ ಮನಸಾರೆ ನಕ್ಕಿತು. ಮಾಸ್ತರರು ನಗಲಿಲ್ಲ. ಅವರು ಕುರ್ಚಿಯನ್ನು ನನ್ನಿಂದ ಒಂದು ಗೇಣು ದೂರ ಸರಿಸಿಕೊಂಡಿದ್ದರು.

ಮರುದಿನ ಹಾಲಿನವನು ಕೇಳಿದ, "ಭೈರವಿ ಸಾಹೇಬ್ರ ಮನೀ ಇದ ಏನ್ರಿ?" ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು ಇಪ್ಪತ್ತು ಕಿಲೋಮೀಟರು, ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿಗೂ ಅಲ್ಲಿಗೆ ಹೋಗಲು ಹೊತ್ತು ಬೇಕು. ನನ್ನ ಹೊಸ ಹೆಸರು ಅದಕ್ಕಿಂತ ಮೊದಲೇ ಹೋಗಿ ನಮ್ಮ ಬ್ಯಾಂಕಿನ ಹುಬ್ಬಳ್ಳಿ ಶಾಖೆಯ ಮ್ಯಾನೇಜರರ ಮೇಜಿನ ಮೇಲೆ ಕೂತಿತ್ತು.

ಇನ್ನು ಕಲೆಯ ಸಹವಾಸ ಬೇಡ, ಮಣ್ಣಿನ ಕಡೆ ಹೋಗೋಣವೆಂದು ಸೆಪ್ಟೆಂಬರಿನಲ್ಲಿ ಕೃಷಿ ಮೇಳಕ್ಕೆ ಹೋದೆ. 1986ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವ ಈ ಮೇಳಕ್ಕೆ ಸುತ್ತಲಿನ ಜಿಲ್ಲೆಗಳೇ ಎದ್ದು ಬರುತ್ತವೆ. ಬೀಜದ ಮಳಿಗೆ, ಟ್ರ್ಯಾಕ್ಟರು, ಹೋರಿ, ಹೂವು, ಮಿರ್ಚಿ, ಗಿರಮಿಟ್ಟು. ಇಷ್ಟು ಜನರ ನಡುವೆ ನನ್ನನ್ನು ಯಾರು ಗುರುತಿಸುತ್ತಾರೆ? ಗಿರಮಿಟ್ಟಿನ ಪೊಟ್ಟಣ ಹಿಡಿದು ಹನಿ ನೀರಾವರಿಯ ಮಳಿಗೆಯೊಂದರ ಮುಂದೆ ನೆರಳಿಗೆ ನಿಂತೆ. ತಕ್ಷಣ ಒಬ್ಬ ಯುವಕ ರಿಜಿಸ್ಟರು ತೆರೆದ.

"ಎಷ್ಟ ಎಕರೆ ಅದಾವ್ರಿ ಸರ?"

ಬಾಲ್ಕನಿಯಲ್ಲಿ ನಾಲ್ಕು ತುಳಸಿ ಕುಂಡಗಳಿದ್ದವು. "ನಾಲ್ಕು" ಎಂದೆ.

"ಬೆಳಿ?"

ಎದುರಿನ ಬೋರ್ಡಿನಲ್ಲಿ ಕಂಡದ್ದನ್ನು ಓದಿದೆ. "ಕಡಲೆ."

"ಯರೀ ಹೊಲಾನೋ, ಮಸಾರಿನೋ?"

ಇದು ಬೋರ್ಡಿನಲ್ಲಿರಲಿಲ್ಲ. ಯರಿ ಎಂದರೆ ಕಪ್ಪು ಮಣ್ಣು, ಮಸಾರಿ ಎಂದರೆ ಕೆಂಪು ಮಣ್ಣು ಎಂದು ಈಗ ಗೊತ್ತು. ಆಗ, ಯಾರಿಗೂ ಬೇಸರವಾಗದಿರಲಿ ಎಂದು "ಎರಡೂ ಮಿಕ್ಸ್" ಎಂದುಬಿಟ್ಟೆ.

ಹಿಂದಿನಿಂದ ಕೆಮ್ಮು ಕೇಳಿಸಿತು. ತಿರುಗಿದರೆ ರುಮಾಲು ಸುತ್ತಿದ ರೈತರೊಬ್ಬರು. "ಹಿಂಗಾರಿ ಕಡ್ಲಿ ಯರೀ ಭೂಮ್ಯಾಗಿನ ಹಸಿ ಮ್ಯಾಲ, ಇಬ್ಬನ್ಯಾಗ ಬೆಳೀತೈತ್ರಿ. ಅದಕ್ಕ ಪೈಪ್ ಯಾಕ?" ಎಂದವರು ನನ್ನ ಮುಖವನ್ನು ಹತ್ತಿರದಿಂದ ನೋಡಿದರು. "ನೀವು ಬ್ಯಾಂಕಿನ ಸಾಲದ ಸಾಹೇಬ್ರಲ್ಲೇನ್ರಿ? ಅರ್ಜ್ಯಾಗ ಮಣ್ಣಿನ ನಮೂನಿ ಬರದಿಲ್ಲಂತ ಹ್ವಾದ ತಿಂಗಳ ನನ್ನ ಕಾಗದ ವಾಪಸ್ ಕಳಿಸಿದ್ರಿ."

ಆ ವಾರದಿಂದ ನನ್ನ ಮೇಜಿಗೆ ಬರುವ ಬೆಳೆಸಾಲದ ಅರ್ಜಿಗಳಲ್ಲಿ ಮಣ್ಣಿನ ಕಾಲಂ ತಪ್ಪದೆ ಭರ್ತಿಯಾಗಿರುತ್ತದೆ. ಎಲ್ಲರದೂ ಒಂದೇ ಮಣ್ಣು: ಮಿಕ್ಸ್.

"ನೀವು ಸುಮ್ಮನೆ ಕೂತು ನೋಡಿ ಬರೋದು ಕಲೀರಿ" ಎಂದಳು ಹೆಂಡತಿ. ಅವಳು ಅಷ್ಟರಲ್ಲಿ ಓಣಿಯ ಹೆಂಗಸರ ಜೊತೆ ಜೋಳದ ರೊಟ್ಟಿ ಬಡಿಯಲು ಕಲಿತು, ಫೋನಿನಲ್ಲಿ ತವರಿನವರಿಗೂ "ಹೌದಲ್ರೀ" ಎನ್ನತೊಡಗಿದ್ದಳು. ಆದರೆ ಸುಮ್ಮನೆ ಕೂತು ನೋಡುವುದು ಈ ಊರಿನಲ್ಲಿ ಸಾಧ್ಯವಿಲ್ಲ ಎಂಬುದು ನನಗೆ ಅರ್ಥವಾಗುತ್ತ ಬಂದಿತ್ತು. ಬೆಂಗಳೂರಿನಲ್ಲಿ ಟಿಕೆಟ್ ಕೊಂಡವನು ಪ್ರೇಕ್ಷಕ. ಕತ್ತಲಲ್ಲಿ ಕೂತು, ಬೆಳಕಾದಾಗ ಎದ್ದು ಬರಬಹುದು. ಇಲ್ಲಿ ಬಹುಪಾಲು ಕಾರ್ಯಕ್ರಮಗಳಿಗೆ ಟಿಕೆಟ್ಟೇ ಇಲ್ಲ. ಆದ್ದರಿಂದ ಪ್ರೇಕ್ಷಕ ಎಂಬ ಹುದ್ದೆಯೂ ಇಲ್ಲ. ಮೊದಲ ಸಲ ಹೋದರೆ ಕುರ್ಚಿ ಕೊಡುತ್ತಾರೆ. ಮುಂದಿನ ಸಲ ಕುರ್ಚಿ ಜೋಡಿಸಲು ಹೇಳುತ್ತಾರೆ. ಅದರಾಚೆಗೂ ಹೋದಿರೋ, ಮೈಕು ಕೊಡುತ್ತಾರೆ.

ನನಗೆ ಮೈಕು ಬಂದದ್ದು ನವೆಂಬರಿನಲ್ಲಿ. ರಾಜ್ಯೋತ್ಸವದ ತಿಂಗಳು; ಒಂದೇ ಸಂಜೆ ನಾಲ್ಕು ಕಡೆ ಶಾಲು ಹೊದಿಸುವ ಕಾಲ. ನೀರಾವರಿ ಕವಿಗಳ ಸಂಕಲನದ ಬಿಡುಗಡೆಗೆ ಹೋಗಿ ಕೊನೆಯ ಸಾಲಿನ ಕೊನೆಯ ಕುರ್ಚಿ ಹಿಡಿದಿದ್ದೆ. ವಂದನಾರ್ಪಣೆ ಮಾಡಬೇಕಾದವರು ಇನ್ನೊಂದು ಸಭೆಯಲ್ಲಿ ಸ್ವಾಗತ ಮಾಡುತ್ತಿದ್ದರಂತೆ. ಕವಿಗಳ ಕಣ್ಣು ಸಭೆಯ ಮೇಲೆ ಹರಿದು ನನ್ನಲ್ಲಿ ನಿಂತಿತು. "ನಮ್ಮ ಮೊದಲ ವಿಮರ್ಶಕರು ಇಲ್ಲೇ ಅದಾರ!" ಎಂದರು. ಮಾಸ್ತರರು ತಡೆಯಬಹುದಿತ್ತು. ಅವರು ಪೆನ್ನು ಕೊಟ್ಟರು.

ನಾನು ಬ್ಯಾಂಕಿನವನು. ಯಾರ ಬಾಕಿಯನ್ನೂ ಉಳಿಸಿಕೊಂಡು ಅಭ್ಯಾಸವಿಲ್ಲ. ಅತಿಥಿಗಳು, ಮುನ್ನುಡಿ ಬರೆದವರು, ಬೆನ್ನುಡಿ ಬರೆದವರು, ಕರಡು ತಿದ್ದಿದವರು, ಹಾರ ತಂದವರು, ನೀರಿನ ಬಾಟಲಿ ಇಟ್ಟವರು, ಪ್ರಾರ್ಥನೆ ಹಾಡಿದ ಹುಡುಗಿ, ಅವಳನ್ನು ಸ್ಕೂಟರಿನಲ್ಲಿ ಕರೆತಂದ ತಂದೆ, ಎಲ್ಲರನ್ನೂ ಲೆಡ್ಜರಿಗೆ ಇಳಿಸಿದೆ. ಪಟ್ಟಿ ಬೆಳೆಸಲು ಕಾಲಾವಕಾಶವೂ ಸಿಕ್ಕಿತು. ಅಧ್ಯಕ್ಷರು "ಸಮಯದ ಅಭಾವ ಅದ, ಎರಡೇ ಮಾತು" ಎಂದು ಎದ್ದವರು ವಚನ ಚಳವಳಿಯಿಂದ ಶುರು ಮಾಡಿದ್ದರು. ನವೋದಯಕ್ಕೆ ಬರುವಷ್ಟರಲ್ಲಿ ಹೊರಗಿನ ಚಹಾ ಆರಿತ್ತು. ನಮ್ಮ ಕವಿಗಳ ಕಾಲುವೆಗೆ ಬರುವಷ್ಟರಲ್ಲಿ ಹುಬ್ಬಳ್ಳಿಯವರು ಚಿಗರಿ ಹಿಡಿಯಲು ಎದ್ದಿದ್ದರು.

ನನ್ನ ಪಾಳಿ ಬಂತು. ಮೊದಲ ಹೆಸರು ಓದಿದೆ. ಆ ಮಹನೀಯರು ಕೂತಲ್ಲಿಂದ ಕೈಮುಗಿದು, ಎದ್ದು, ಚಪ್ಪಲಿ ಹುಡುಕಿಕೊಂಡು ಹೊರಟೇಹೋದರು. ಎರಡನೆಯವರೂ ಹಾಗೇ. ಹತ್ತು ಹೆಸರು ಮುಗಿಯುವ ಹೊತ್ತಿಗೆ ಒಳಗುಟ್ಟು ತಿಳಿಯಿತು: ಈ ಹೊತ್ತಿನವರೆಗೆ ಕೂತಿದ್ದವರೆಲ್ಲ ಕೂತಿದ್ದದ್ದು ತಮ್ಮ ಹೆಸರಿಗಾಗಿ. ನಾನು ಕೃತಜ್ಞತೆ ಸಲ್ಲಿಸುತ್ತಾ ಹೋದೆ, ಸಭಾಂಗಣ ಖಾಲಿಯಾಗುತ್ತಾ ಹೋಯಿತು. ಪ್ರಾರ್ಥನೆಯ ಹುಡುಗಿ ಹೋದಳು. ಮುಂದಿನ ಹೆಸರಿಗೆ ಸ್ಕೂಟರೂ ಹೋಯಿತು. ಅಧ್ಯಕ್ಷರನ್ನು ವೇದಿಕೆಯಿಂದಲೇ ಬೀಳ್ಕೊಟ್ಟೆ. ಪಟ್ಟಿ ಮುಗಿದಾಗ ಕವಿಗಳು ಮಾತ್ರ ಮಿಕ್ಕಿದ್ದರು, ಮುಖ ಬಾಡಿಸಿಕೊಂಡು. ಪುಸ್ತಕ ಬರೆದವರ ಹೆಸರೇ ಲೆಡ್ಜರಿಗೆ ಇಳಿದಿರಲಿಲ್ಲ. ತಡವರಿಸಿ ಅವರಿಗೂ ವಂದಿಸಿದೆ. ಅವರೂ ಕೈಮುಗಿದು ಹೊರಟರು.

ಕೆಳಗಿಳಿಯಲು ತಿರುಗಿದರೆ, ವೈರು ಸುತ್ತುತ್ತಿದ್ದ ಮೈಕ್ ಸೆಟ್ಟಿನ ಹುಡುಗ ಕೇಳಿದ, "ನಂದೂ ಒಂದ ಹೆಸರ ಹೇಳಿಬಿಡ್ರೀ ಸರ, ನಾನೂ ಮನೀಗೆ ಹೊಕ್ಕೇನಿ."

ಇಷ್ಟಾದ ಮೇಲೆ ನನ್ನನ್ನು ಯಾರೂ ಕರೆಯಲಾರರು ಎಂದುಕೊಂಡಿದ್ದೆ. ಆದರೆ ಸಭೆಯನ್ನು ಇಷ್ಟು ಬೇಗ ಖಾಲಿ ಮಾಡಿಸುವ ಜನ ಸಿಗುವುದು ಕಷ್ಟವಂತೆ. ಬಾಡಿಗೆ ಸಭಾಂಗಣದ ಬೀಗ ಹಾಕುವ ಚಿಂತೆಯಿದ್ದ ಸಂಘಟಕರು ಒಬ್ಬೊಬ್ಬರಾಗಿ ಮನೆಗೆ ಬರತೊಡಗಿದರು. ಶನಿವಾರ ಭಾನುವಾರಗಳು ತುಂಬಿಹೋದವು. ಮೊನ್ನೆ ಮಾಸ್ತರರೇ ಒಂದು ಆಮಂತ್ರಣ ಪತ್ರಿಕೆ ಹಿಡಿದು ಬಂದರು. ಅದೇ ಗಾಯಕರು ಮತ್ತೆ ಬರುತ್ತಿದ್ದಾರೆ. ಪತ್ರಿಕೆಯ ಕೊನೆಯ ಸಾಲಿನಲ್ಲಿ ವಂದನಾರ್ಪಣೆಯ ಮುಂದೆ ನನ್ನ ಹೆಸರು ಅಚ್ಚಾಗಿತ್ತು. ಅಂದು ಅಷ್ಟೆಲ್ಲ ಆದ ಮೇಲೂ ಇವರಿಗೆ ನನ್ನ ಮೇಲೆ ಇಷ್ಟು ಭರವಸೆಯೇ ಎಂದು ಗಂಟಲು ಕಟ್ಟಿತು.

"ಭರವಸೆ ಅಲ್ರೀ, ಬಂದೋಬಸ್ತ್" ಎಂದರು ಮಾಸ್ತರರು. "ವಂದನಾರ್ಪಣೆ ಬರೂದು ಭೈರವಿ ಆದ ಮ್ಯಾಲ. ಅಲ್ಲೀತನಕ ನೀವು ಬಾಯಿ ತೆಗಿಯೂ ಹಂಗಿಲ್ಲ."