ಮಾಯಾ ಬೇಯಲ್ಲಿ ಮೊಣಕಾಲು ಸ್ನಾನ

ಥಾಯ್ಲೆಂಡಿನ ಫಿಫಿ ಡಾನ್ ದ್ವೀಪದಲ್ಲಿ ಕಾರುಗಳಿಲ್ಲ. ಹಾಗಾಗಿ ಬೆನ್ನಿಗೇರಿಸಿದ ಚೀಲದ ನಿಜವಾದ ತೂಕ ದೋಣಿ ಇಳಿದ ಕೂಡಲೇ ತಿಳಿಯುತ್ತದೆ.

“ರೀ, ಲಗೇಜ್ ಕಡಿಮೆ ಅಂದಿದ್ರಿ. ಇದರಲ್ಲೇನು ಗ್ರೈಂಡರ್ ಇದೆಯಾ?”

“ಕ್ಯಾಮೆರಾ, ಟ್ರೈಪಾಡ್, ಮೂರು ಚಾರ್ಜರ್. ಹಾಯಾಗಿ ಅಲೆಯೋಕೆ ಇಷ್ಟಾದರೂ ಬೇಡ್ವಾ?”

ಬೆಂಗಳೂರಿನ ಈ ದಂಪತಿಯ ಗುರಿ ಪಕ್ಕದ ಫಿಫಿ ಲೇ ದ್ವೀಪದ ಮಾಯಾ ಬೇ. ಇಲ್ಲೇ ಚಿತ್ರೀಕರಣಗೊಂಡು 2000ರಲ್ಲಿ ತೆರೆಕಂಡ ‘ದಿ ಬೀಚ್’ ಚಿತ್ರದಲ್ಲಿ ಲಿಯೊನಾರ್ಡೊ ಡಿಕಾಪ್ರಿಯೊ ಹುಡುಕಿ ಹೊರಟದ್ದು ಯಾರಿಗೂ ಗೊತ್ತಿಲ್ಲದ ಕಡಲತೀರವನ್ನು. ಗುಟ್ಟು ಊರಿಗೆಲ್ಲ ಹರಡಿತು. ದಿನಕ್ಕೆ ಸಾವಿರಾರು ಜನ ಬಂದರು, ದೋಣಿಗಳ ಲಂಗರಿಗೆ ಸಿಕ್ಕ ಹವಳ ನುಚ್ಚಾಯಿತು. 2018ರ ಜೂನ್‌ನಲ್ಲಿ ಸರ್ಕಾರ ಬಾಗಿಲು ಹಾಕಿತು. 2022ರ ಜನವರಿಯಲ್ಲಿ ತೆರೆದಾಗ ಶಿಸ್ತು ಬಂದಿತ್ತು: ದೋಣಿಗಳು ಹಿಂಬದಿಯ ಲೋ ಸಮಾ ಕೊಲ್ಲಿಯಲ್ಲೇ ನಿಲ್ಲಬೇಕು, ಈಜುವಂತಿಲ್ಲ.

“ತಲೆಗೆ 400 ಬಾತ್ ಕೊಟ್ಟೂ ಈಜೋ ಹಾಗಿಲ್ವಾ?”

“ಕಾಲು ನೆನೆಸಬಹುದಂತೆ.”

“ಅದಕ್ಕೆ ಮಲ್ಪೆ ಸಾಕಿತ್ತು!”

“ಇಲ್ಲಿ ಶಾರ್ಕ್ ಇವೆ ಕಣೇ, ರೆಕ್ಕೆಯ ತುದಿ ಕಪ್ಪಗಿರೋವು. ಜನ ಹೋದ ಮೇಲೆ ವಾಪಸ್ ಬಂದ್ವಂತೆ.”

“ಜಾಣ ಪ್ರಾಣಿಗಳು.”

“ಸರಿ, ಇಲ್ಲಿ ನಿಲ್ಲು. ಹಿಂದೆ ಯಾರೂ ಇರದ ಹಾಗೆ ಒಂದು ಫೋಟೊ.”

“ಹಿಂದೆ ನಿಂತಿರೋ ಅಷ್ಟೂ ಜನ ಅದನ್ನೇ ಹೇಳ್ತಿದ್ದಾರೆ ರೀ.”

ಗಂಡ ಟ್ರೈಪಾಡ್ ಮಡಚಿದ.

“ಮುಂದಿನ ಸಲ ಆಗಸ್ಟ್‌ನಲ್ಲಿ ಬರೋಣ. ಮಳೆಗಾಲ, ಒಂದು ನರಪಿಳ್ಳೆಯೂ ಇರಲ್ಲ.”

ಇರುವುದಿಲ್ಲ, ನಿಜ. ಪ್ರತಿವರ್ಷ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಮಾಯಾ ಬೇ ಮುಚ್ಚಿರುತ್ತದೆ.